ಫ್ಯಾನ್ ಆರಿಸುವಲ್ಲಿಂದ ಪಂಚ್ ಒತ್ತುವವರೆಗೆ: ದಾನಿಯ ಕಾರ್ನಿಯಾದ ದಾರಿ

ನೇತ್ರದಾನಕ್ಕೆಂದು ಮನೆಯವರು ಫೋನ್ ಮಾಡಿದಾಗ ಐ ಬ್ಯಾಂಕಿನವರು ಹೇಳುವ ಮೊದಲ ಮಾತು ಹಲವರಿಗೆ ವಿಚಿತ್ರ ಅನ್ನಿಸುತ್ತದೆ: "ಫ್ಯಾನ್ ಆರಿಸಿಬಿಡಿ." ಏಸಿ ಇದ್ದರೆ ಇರಲಿ, ಫ್ಯಾನ್ ಬೇಡ. ರೆಪ್ಪೆಗಳನ್ನು ಮೆಲ್ಲಗೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ಅರ್ಧ ಅಡಿ ಎತ್ತರಕ್ಕೆ ದಿಂಬು ಕೊಡಿ. ಸಾವಿನ ಮನೆಯಲ್ಲಿ ಇಷ್ಟು ಹೇಳಲು ಸಂಕೋಚವಾಗುತ್ತದೆ. ಆದರೂ ಹೇಳಲೇಬೇಕು, ಏಕೆಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರವಾದ ಕಾರ್ನಿಯಾದ ಗತಿ ಅರ್ಧಕ್ಕರ್ಧ ಅಲ್ಲೇ ನಿರ್ಧಾರವಾಗುತ್ತದೆ. ಅರೆತೆರೆದ ಕಣ್ಣಿನ ಮೇಲೆ ಗಾಳಿ ಬೀಸುತ್ತಿದ್ದರೆ ಹೊರಪದರ ಒಣಗಿ ಕಿತ್ತುಬರುತ್ತದೆ, ರೆಪ್ಪೆಗಳ ನಡುವೆ ತೆರೆದುಕೊಂಡಿದ್ದಷ್ಟು ಜಾಗದಲ್ಲಿ ಅಡ್ಡಪಟ್ಟಿಯಂತೆ ಮಸುಕು ಕೂರುತ್ತದೆ. ದಿಂಬು ಕೊಡದಿದ್ದರೆ ರಕ್ತ ತಲೆಯ ಕಡೆ ಇಳಿದು ರೆಪ್ಪೆ ಬಾತುಕೊಳ್ಳುತ್ತದೆ, ತೆಗೆಯುವಾಗ ರಕ್ತ ಒಸರುತ್ತದೆ.

ನಮ್ಮಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು "ಆರು ಗಂಟೆಯೊಳಗೆ". ಅದು ಹೊರಗಿನ ಗಡಿ. ಐದೂವರೆ ಗಂಟೆವರೆಗೆ ಕಾಯಬಹುದು ಎಂದು ಅದಕ್ಕೆ ಅರ್ಥ ಹಚ್ಚಬಾರದು. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ, ತಗಡಿನ ಸೂರಿನಡಿ ಮಲಗಿಸಿದ ದೇಹದಲ್ಲಿ ನಾಲ್ಕು ಗಂಟೆಗೇ ಆಗುವ ಹಾನಿ, ಶೈತ್ಯಪೆಟ್ಟಿಗೆಯಲ್ಲಿಟ್ಟ ದೇಹದಲ್ಲಿ ಎಷ್ಟೋ ಹೊತ್ತಿನ ಮೇಲೂ ಆಗಿರುವುದಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟರೆ ಬಹಳ ಉಪಕಾರ. ಹಾಗಾಗಿ ದಾಖಲೆಯಲ್ಲಿ ಸಾವಿನ ಸಮಯದ ಜೊತೆಗೆ ದೇಹವನ್ನು ಯಾವಾಗ ತಣ್ಣಗಿಟ್ಟರು ಎಂಬುದನ್ನೂ ಬರೆಯಬೇಕು.

ಇಷ್ಟೆಲ್ಲ ಎಚ್ಚರ ಯಾತಕ್ಕೆ ಎಂದರೆ ಒಂದು ಪದರಕ್ಕಾಗಿ. ಕಸಿ ಮಾಡುವುದು ಇಡೀ ಕಣ್ಣನ್ನಲ್ಲ. ಕಪ್ಪುಗುಡ್ಡೆಯ ಮುಂದೆ ಗಡಿಯಾರದ ಗಾಜಿನಂತೆ ಕೂತಿರುವ ಕಾರ್ನಿಯಾವನ್ನು ಮಾತ್ರ. ಅಡ್ಡಗಲ ಹನ್ನೊಂದೂವರೆ ಮಿಲಿಮೀಟರ್ ಆಸುಪಾಸು, ನಡುವಿನ ದಪ್ಪ ಅರ್ಧ ಮಿಲಿಮೀಟರಿಗಿಂತ ಚೂರು ಹೆಚ್ಚು. ಅದರ ಒಳಮೈಗೆ ಎಂಡೋಥೀಲಿಯಂ ಎಂಬ ಒಂದೇ ಸಾಲಿನ ಜೀವಕೋಶಗಳು ಅಂಟಿಕೊಂಡಿರುತ್ತವೆ. ಕಣ್ಣೊಳಗಿನಿಂದ ಕಾರ್ನಿಯಾಕ್ಕೆ ಒಸರುವ ನೀರನ್ನು ಹಗಲೂ ರಾತ್ರಿ ಹೊರಗೆತ್ತಿ ಹಾಕುವುದು ಇವುಗಳ ಕೆಲಸ. ಒಂದು ಕೋಶ ಸತ್ತರೆ ಆ ಜಾಗಕ್ಕೆ ಇನ್ನೊಂದು ಹುಟ್ಟಿಬರುವುದಿಲ್ಲ, ಅಕ್ಕಪಕ್ಕದವೇ ಹಿಗ್ಗಿ ತುಂಬಿಕೊಳ್ಳಬೇಕು. ವಯಸ್ಕರ ಕಣ್ಣಿನಲ್ಲಿ ಚದರ ಮಿಲಿಮೀಟರಿಗೆ ಸುಮಾರು 2500 ಕೋಶಗಳಿರುತ್ತವೆ. 500ರ ಆಸುಪಾಸಿಗೆ ಇಳಿದರೆ ನೀರು ತುಂಬಿಕೊಂಡು ಕಾರ್ನಿಯಾ ಮಂಜು ಹಿಡಿದ ಗಾಜಾಗುತ್ತದೆ. ದಾನಿಯ ಮನೆಯಿಂದ ಆಪರೇಷನ್ ಥಿಯೇಟರ್ ತನಕ ಎಷ್ಟು ಕೈ ಬದಲಾಗುತ್ತದೋ ಅಷ್ಟು ಕಡೆ ಒಂದಿಷ್ಟು ಕೋಶಗಳು ಖರ್ಚಾಗುತ್ತವೆ. ಆ ಖರ್ಚನ್ನು ತಗ್ಗಿಸುವುದೇ ಈ ಕೆಲಸದ ಒಳಗುಟ್ಟು.

ಕಾರ್ನಿಯಾ ಮುಟ್ಟುವ ಮೊದಲು ಮಾತುಕತೆ ಮತ್ತು ರಕ್ತ. ದಾನಿ ಬದುಕಿದ್ದಾಗ ಅರ್ಜಿ ತುಂಬಿರಲೇಬೇಕೆಂದಿಲ್ಲ, ಹತ್ತಿರದ ಸಂಬಂಧಿಕರ ಒಪ್ಪಿಗೆ ಸಾಕು. ಕನ್ನಡಕ, ಸಕ್ಕರೆ ಕಾಯಿಲೆ, ಬಿಪಿ, ಪೊರೆಯ ಆಪರೇಷನ್ ಯಾವುದೂ ಅಡ್ಡಿಯಲ್ಲ. ರೇಬೀಸ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಮಿದುಳಿನ ವೈರಲ್ ಸೋಂಕು, ರಕ್ತದ ಕ್ಯಾನ್ಸರ್, ನಂಜು ಮೈಯೆಲ್ಲ ಹರಡಿ ಆದ ಸಾವು, ಕಾರಣವೇ ಗೊತ್ತಿಲ್ಲದ ಸಾವು ಇದ್ದರೆ ಆ ಕಾರ್ನಿಯಾ ಕಸಿಗೆ ಹೋಗಬಾರದು. ಮನೆಯವರನ್ನು "ಏನಾದರೂ ಕಾಯಿಲೆ ಇತ್ತಾ?" ಎಂದು ಒಂದೇ ಪ್ರಶ್ನೆ ಕೇಳಿ ಮುಗಿಸುವುದು ದೊಡ್ಡ ತಪ್ಪು. ನಾಯಿ ಕಚ್ಚಿತ್ತಾ, ಇತ್ತೀಚೆಗೆ ಜ್ವರದ ಜೊತೆ ಮಂಕು ಕವಿದಿತ್ತಾ, ಕೊನೆಯ ಎರಡು ದಿನ ಎಷ್ಟು ಬಾಟಲಿ ಡ್ರಿಪ್, ಎಷ್ಟು ರಕ್ತ ಏರಿಸಿದರು ಎಂದು ಒಂದೊಂದಾಗಿ ಕೇಳಬೇಕು. ಕೊನೆಯ ಪ್ರಶ್ನೆಗೆ ಕಾರಣವಿದೆ. ಬಹಳ ದ್ರವ ಏರಿಸಿದ್ದರೆ ದಾನಿಯ ರಕ್ತ ತೆಳುವಾಗಿ, ಇರುವ ಸೋಂಕೂ ಪರೀಕ್ಷೆಯಲ್ಲಿ ಇಲ್ಲವೆಂದು ಬರಬಹುದು. ಅಂಥ ಸಂದರ್ಭದಲ್ಲಿ ಏರಿಸುವ ಮೊದಲು ಆಸ್ಪತ್ರೆಯವರು ತೆಗೆದಿಟ್ಟ ಸ್ಯಾಂಪಲ್ ಹುಡುಕಬೇಕು. ರಕ್ತವನ್ನು ತೊಡೆಸಂದಿನ ದೊಡ್ಡ ಅಭಿಧಮನಿಯಿಂದಲೋ ಕಾಲರ್ ಮೂಳೆಯ ಕೆಳಗಿನಿಂದಲೋ 5ರಿಂದ 10 ಮಿಲಿ ತೆಗೆದು ಎಚ್‌ಐವಿ, ಹೆಪಟೈಟಿಸ್ ಬಿ, ಸಿ, ಸಿಫಿಲಿಸ್ ಪರೀಕ್ಷೆಗೆ ಕಳಿಸುತ್ತಾರೆ. ಸಿರಿಂಜನ್ನು ಜೋರಾಗಿ ಎಳೆದರೆ ಕೆಂಪುಕಣ ಒಡೆದು ಸೀರಂ ಕೆಂಪಾಗುತ್ತದೆ, ಇಲ್ಲದ ರೋಗ ಇದೆ ಎಂಬ ವರದಿ ಬಂದು ಒಳ್ಳೆಯ ಕಾರ್ನಿಯಾ ಕಸಕ್ಕೆ ಹೋಗುತ್ತದೆ.

ಈಗ ತೆಗೆಯುವ ಹಂತ. ಹಿಂದೆ ಇಡೀ ಗುಡ್ಡೆ ತೆಗೆದು ಆಮೇಲೆ ಲ್ಯಾಬಿನಲ್ಲಿ ಕಾರ್ನಿಯಾ ಬೇರ್ಪಡಿಸುವುದು ರೂಢಿಯಾಗಿತ್ತು. ಈಗ ಹೆಚ್ಚಿನ ಕಡೆ ಗುಡ್ಡೆಯನ್ನು ಅಲ್ಲೇ ಬಿಟ್ಟು ಕಾರ್ನಿಯಾವನ್ನು ಸುತ್ತಲಿನ ಬಿಳಿಗುಡ್ಡೆಯ ಅಂಚಿನ ಸಮೇತ ತೆಗೆಯುತ್ತಾರೆ. 2011ರ ಕಾನೂನು ತಿದ್ದುಪಡಿಯ ನಂತರ ತರಬೇತಿ ಪಡೆದ ಟೆಕ್ನಿಷಿಯನ್ ಕೂಡ ಇದನ್ನು ಮಾಡಬಹುದು. ಹದಿನೈದು ಇಪ್ಪತ್ತು ನಿಮಿಷದ ಕೆಲಸ.

ಮೊದಲು ಸೆಲೈನಿನಲ್ಲಿ ಕಣ್ಣು ತೊಳೆದು ಹಿಸುರು, ಲೋಳೆ ತೆಗೆಯಬೇಕು. ಅದು ಉಳಿದಿದ್ದರೆ ಅದರಡಿಗೆ ಅಯೋಡಿನ್ ಇಳಿಯುವುದಿಲ್ಲ. ನಂತರ 5 ಶೇಕಡಾ ಪೊವಿಡೋನ್ ಅಯೋಡಿನ್ ಹಾಕಿ, ರೆಪ್ಪೆಯ ಒಳಮೂಲೆಗೂ ತಲುಪುವಂತೆ ಮಾಡಿ, 3ರಿಂದ 5 ನಿಮಿಷ ಬಿಡುತ್ತಾರೆ. ಗಡಿಯಾರ ನೋಡಿಯೇ ಬಿಡಬೇಕು. ಹಾಕಿದ ಕೂಡಲೇ ತೊಳೆದುಬಿಟ್ಟರೆ ಹಾಕಿಯೂ ಪ್ರಯೋಜನವಿಲ್ಲ, ತೊಳೆಯದೆ ಬಿಟ್ಟರೆ ಹೊರಪದರ ಸುಟ್ಟಂತಾಗುತ್ತದೆ. ಆಮೇಲೆ ಸ್ಟೆರೈಲ್ ಬಟ್ಟೆ ಹಾಸಿ, ಸ್ಪೆಕ್ಯುಲಮ್ಮಿನಿಂದ ರೆಪ್ಪೆ ಅಗಲಿಸಿ, ಕಾರ್ನಿಯಾ ಸುತ್ತ ಬಿಳಿಗುಡ್ಡೆಗೆ ಹೊದ್ದ ತೆಳು ಪೊರೆ ಕಂಜಂಕ್ಟೈವಾವನ್ನು ಕತ್ತರಿಸಿ ಹಿಂದಕ್ಕೆ ಸರಿಸಿ, ಉಳಿದ ಎಳೆಗಳನ್ನು ಬ್ಲೇಡಿನಿಂದ ಕೆರೆದು ಬಿಳಿಗುಡ್ಡೆಯನ್ನು ಚೊಕ್ಕ ಮಾಡಬೇಕು. ಸೂಕ್ಷ್ಮಾಣುಗಳು ಬಿಡಾರ ಹೂಡುವುದು ಈ ಎಳೆಗಳಲ್ಲೇ.

15ನೇ ನಂಬರಿನ ಬ್ಲೇಡ್ ಹಿಡಿದು ಕಾರ್ನಿಯಾದ ಅಂಚಿನಿಂದ 3ರಿಂದ 4 ಮಿಲಿಮೀಟರ್ ಹೊರಗೆ ಬಿಳಿಗುಡ್ಡೆಯನ್ನು ಗೀರುತ್ತಾರೆ. ಬಿಳಿ ಸೀಳುತ್ತಾ ಹೋಗಿ ಅಡಿಯಲ್ಲಿ ಕಂದುಗಪ್ಪು ಕೊರಾಯ್ಡ್ ಕಂಡ ಕ್ಷಣವೇ ನಿಲ್ಲಿಸಬೇಕು. ಒಂದು ಎಳೆ ಆಳಕ್ಕೆ ಹೋದರೆ ಒಳಗಿನ ವಿಟ್ರಿಯಸ್ ಎಂಬ ಲೋಳೆ ಹೊರಬಂದು ಗುಡ್ಡೆ ಮೆತ್ತಗಾಗುತ್ತದೆ, ಕಾರ್ನಿಯಾ ಕುಸಿಯುತ್ತದೆ, ಒಳಗಿನ ಮಸೂರ ಎಂಡೋಥೀಲಿಯಮ್ಮಿಗೆ ತಾಗುತ್ತದೆ. ತಾಗಿದಲ್ಲೆಲ್ಲ ಕೋಶ ಹೋಯಿತು. ಗೀರಿದ ಜಾಗದಿಂದ ಬಾಗಿದ ಕತ್ತರಿಯ ಮೊಂಡು ತುದಿಯನ್ನು ಬಿಳಿಗುಡ್ಡೆ ಮತ್ತು ಕೊರಾಯ್ಡ್ ನಡುವೆ ತೂರಿಸಿ, ಅಂಚಿನ ಅಗಲ ಎಲ್ಲೂ ಹೆಚ್ಚುಕಡಿಮೆಯಾಗದಂತೆ ಸುತ್ತ 360 ಡಿಗ್ರಿ ಕತ್ತರಿಸುತ್ತಾರೆ. ಒಂದು ಕಡೆ 4 ಮಿಲಿಮೀಟರ್, ಇನ್ನೊಂದು ಕಡೆ 1 ಎಂದು ಉಳಿದರೆ ಆ ಕಾರ್ನಿಯಾ ಮುಂದೆ ಸೀಳಲು ಬಿಗಿದಿಡುವ ಕೃತಕ ಚೇಂಬರಿನಲ್ಲಿ ಕೂರುವುದಿಲ್ಲ, ಪಕ್ಕದಿಂದ ಸೋರುತ್ತದೆ.

ಕೊನೆಯ ಬೇರ್ಪಡೆಯಲ್ಲಿ ಅನುಭವವಿಲ್ಲದ ಕೈ ಮಾಡುವ ತಪ್ಪು ಯಾವಾಗಲೂ ಒಂದೇ: ಕಾರ್ನಿಯಾವನ್ನು ಮೇಲಕ್ಕೆ ಎಳೆಯುವುದು. ಅಂಚು ಹಿಡಿದ ಫೋರ್ಸೆಪ್ಸ್ ಅಲುಗಾಡಬಾರದು. ಇನ್ನೊಂದು ಕೈಯ ಸಲಕರಣೆ ಕಾರ್ನಿಯಾದ ಹಿಂದಿನ ಬಣ್ಣದ ಪರದೆ ಐರಿಸ್ಸನ್ನೂ ಅದಕ್ಕೆ ಅಂಟಿದ ಸಿಲಿಯರಿ ಭಾಗವನ್ನೂ ಕೆಳಕ್ಕೆ ತಳ್ಳುತ್ತಾ ಸುತ್ತ ಬರಬೇಕು. ಆಗ ಕಾರ್ನಿಯಾ ಗುಮ್ಮಟದ ಆಕಾರದಲ್ಲೇ ಬಿಡಿಸಿಕೊಂಡು ಬರುತ್ತದೆ. ಎಳೆದರೆ ಮಡಚಿಕೊಳ್ಳುತ್ತದೆ. ಮಡಚಿದ ಗೆರೆಯ ಉದ್ದಕ್ಕೂ ಕೋಶ ಸತ್ತಿರುತ್ತದೆ, ಮೈಕ್ರೋಸ್ಕೋಪಿನಲ್ಲಿ ಅದು ಬಸವನಹುಳು ಹರಿದುಹೋದ ಜಾಡಿನ ಹಾಗೆ ಕಾಣುತ್ತದೆ. ಒಂದು ಸಲ ಆ ಜಾಡು ಬಿತ್ತೆಂದರೆ ಕಾರ್ನಿಯಾ ಕಾದಿಡುವ ಯಾವ ದ್ರವವೂ (ಮೀಡಿಯಂ) ಅದನ್ನು ಅಳಿಸದು.

ಖಾಲಿಯಾದ ಜಾಗಕ್ಕೆ ಹತ್ತಿ ಮತ್ತು ಪ್ಲಾಸ್ಟಿಕ್ಕಿನ ಐ ಕ್ಯಾಪ್ ಇಟ್ಟು ರೆಪ್ಪೆ ಮುಚ್ಚಿ, ಮುಖದ ಮೇಲಿನ ಅಯೋಡಿನ್ ಕಲೆಯನ್ನೆಲ್ಲ ಒರೆಸಿಯೇ ಹೊರಡಬೇಕು. ಮುಖ ಇದ್ದ ಹಾಗೆಯೇ ಇರಬೇಕು. ಮನೆಯವರು ಕೊನೆಯ ಸಲ ನೋಡುವ ಮುಖ ಅದು, ಹಳದಿ ಕಲೆ ಬಿಟ್ಟುಹೋದರೆ ಆ ಬೀದಿಯಲ್ಲಿ ಮುಂದೆ ಯಾರೂ ಕಣ್ಣು ಕೊಡುವುದಿಲ್ಲ.

ತೆಗೆದ ಕಾರ್ನಿಯಾ ನೇರವಾಗಿ ಮೀಡಿಯಂ ತುಂಬಿದ ಚೇಂಬರ್ ಎಂಬ ಪುಟ್ಟ ಡಬ್ಬಿಗೆ ಇಳಿಯುತ್ತದೆ, ಎಂಡೋಥೀಲಿಯಂ ಮೇಲ್ಮುಖವಾಗಿ. ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವುದು ಎಂಕೆ ಮೀಡಿಯಂ. 1974ರಲ್ಲಿ ಮೆಕ್ಯಾರಿ ಮತ್ತು ಕಾಫ್ಮನ್ ರೂಪಿಸಿದ್ದು, ನಾಲ್ಕು ದಿನದ ಆಯುಸ್ಸು. ಆಪ್ಟಿಸಾಲ್‌ನಂಥವು, ನಮ್ಮ ದೇಶದಲ್ಲೇ ತಯಾರಾಗುವ ಕಾರ್ನಿಸಾಲ್, 14 ದಿನದವರೆಗಿನವು. ಎರಡು ಬಗೆಯಲ್ಲೂ ಡೆಕ್ಸ್‌ಟ್ರಾನ್ ಇದ್ದು ಕಾರ್ನಿಯಾ ನೀರು ಹೀರಿ ಊದದಂತೆ ತಡೆಯುತ್ತದೆ, ಜೊತೆಗೆ ಆಂಟಿಬಯಾಟಿಕ್ ಇರುತ್ತದೆ. ಯುರೋಪಿನ ಎಷ್ಟೋ ಐ ಬ್ಯಾಂಕುಗಳು ಬೇರೆ ದಾರಿ ಹಿಡಿದಿವೆ. 31ರಿಂದ 37 ಡಿಗ್ರಿ ಬಿಸಿಯಲ್ಲಿ ಪೋಷಕ ದ್ರವದಲ್ಲಿ ಆರ್ಗನ್ ಕಲ್ಚರ್ ಮಾಡಿ ನಾಲ್ಕು ವಾರ ಇಡುತ್ತಾರೆ.

ಮೀಡಿಯಮ್ಮಿನ ಬಣ್ಣವನ್ನು ಓದಲು ಕಲಿಯಬೇಕು. ಗುಲಾಬಿ ಇದ್ದರೆ ಸರಿ. ಹಳದಿಗೆ ತಿರುಗಿದ್ದರೆ ಆಮ್ಲ ಹೆಚ್ಚಿದೆ, ಒಳಗೆ ಏನೋ ಬೆಳೆಯುತ್ತಿದೆ ಎಂಬ ಸಂಶಯ ಬರಬೇಕು. ನೇರಳೆಯಾಗಿದ್ದರೆ ಮುಚ್ಚಳ ಸಡಿಲವಾಗಿ ಗಾಳಿಯಾಡಿರಬಹುದು. ಬಣ್ಣ ಸರಿಯಿದ್ದೂ ಮಬ್ಬಾಗಿ ಕದಡಿದಂತಿದ್ದರೂ ಅದು ಬೇಡ.

ಇಡುವ ತಾಪಮಾನ 2ರಿಂದ 8 ಡಿಗ್ರಿ. ಸಾಗಿಸುವಾಗ ಅತಿ ಹೆಚ್ಚು ಎಡವಟ್ಟಾಗುವುದು ಇಲ್ಲೇ. ಫ್ರೀಜರಿನಿಂದ ಆಗಷ್ಟೇ ತೆಗೆದ ಜೆಲ್ ಪ್ಯಾಕಿಗೆ ಚೇಂಬರ್ ತಾಗಿಸಿಟ್ಟರೆ ಮೀಡಿಯಂ ಹೆಪ್ಪುಗಟ್ಟಿ ಕೋಶಗಳು ಒಡೆಯುತ್ತವೆ. ತಲುಪುವ ಹೊತ್ತಿಗೆ ಕರಗಿ ಮತ್ತೆ ಗುಲಾಬಿಯಾಗಿಯೇ ಕಾಣುವುದರಿಂದ ನೋಡಿದರೆ ಗೊತ್ತಾಗುವುದೂ ಇಲ್ಲ. ನೀರಿನ ಐಸ್ ಬಳಸಿ, ಚೇಂಬರಿನ ಸುತ್ತ ಥರ್ಮಾಕೋಲ್ ಇಲ್ಲವೇ ಬಟ್ಟೆಯ ಅಡ್ಡ ಕೊಟ್ಟು, ನೆಟ್ಟಗೆ ನಿಲ್ಲಿಸಿ ಕಳಿಸುವುದು ಸರಳ, ಸುರಕ್ಷಿತ.

ಲ್ಯಾಬಿಗೆ ಬಂದ ಮೇಲೆ ಪರೀಕ್ಷೆ. ಕೋಶ ಎಣಿಸುವ ಸ್ಪೆಕ್ಯುಲರ್ ಮೈಕ್ರೋಸ್ಕೋಪಿನಡಿ ಇಡುವ ಮೊದಲು ಒಂದೆರಡು ಗಂಟೆ ಹೊರಗಿಟ್ಟು ಕೋಣೆಯ ತಾಪಮಾನಕ್ಕೆ ತರಬೇಕು. ತಣ್ಣಗಿರುವಾಗ ಕೋಶಗಳ ಗಡಿ ಮಸುಕಾಗಿರುತ್ತದೆ, ಹಾಗೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಇದರಿಂದ ಇನ್ನೊಂದು ಲಾಭವೂ ಇದೆ. ಮೀಡಿಯಮ್ಮಿನಲ್ಲಿರುವ ಆಂಟಿಬಯಾಟಿಕ್ ಜೆಂಟಾಮೈಸಿನ್ 4 ಡಿಗ್ರಿಯಲ್ಲಿ ಅರೆನಿದ್ದೆಯಲ್ಲಿದ್ದಂತೆ, ಬೆಚ್ಚಗಾದಾಗ ಮಾತ್ರ ಚುರುಕಾಗುತ್ತದೆ. ಹಾಗೆಂದು ಪದೇ ಪದೇ ಹೊರಗೆ ತೆಗೆದಿಟ್ಟರೆ ಕೋಶಗಳಿಗೇ ಪೆಟ್ಟು.

ದೃಷ್ಟಿಗಾಗಿ ಮಾಡುವ ಕಸಿಗೆ ಹಲವು ಐ ಬ್ಯಾಂಕುಗಳು ಕೇಳುವುದು ಚದರ ಮಿಲಿಮೀಟರಿಗೆ ಕನಿಷ್ಠ 2000 ಕೋಶ. ಒಳಪದರವನ್ನಷ್ಟೇ ಕಸಿ ಮಾಡುವುದಾದರೆ ಇನ್ನೂ ಹೆಚ್ಚು. ಆದರೆ ಆ ಸಂಖ್ಯೆಗೆ ಮರುಳಾಗಬಾರದು. ಸ್ಪೆಕ್ಯುಲರ್ ತೋರಿಸುವುದು ಒಂದು ಚದರ ಮಿಲಿಮೀಟರಿನ ಸಣ್ಣ ಪಾಲನ್ನು, ಅದೂ ನಟ್ಟನಡುವಿನದನ್ನು. ನಡುವೆ 2800 ಇದ್ದು ಬದಿಯಲ್ಲಿ ಬಸವನಹುಳುವಿನ ಜಾಡು ಹರಡಿದ ಕಾರ್ನಿಯಾಗಳು ಬರುತ್ತವೆ. ಅದನ್ನು ಹಿಡಿಯುವುದು ತೆಳು ಬೆಳಕಿನ ಸೀಳು ಬಿಟ್ಟು ನೋಡುವ ಸ್ಲಿಟ್ ಲ್ಯಾಂಪ್ ಮೈಕ್ರೋಸ್ಕೋಪ್. ಹಳೆಯ ಪೊರೆ ಆಪರೇಷನ್ನಿನ ಗಾಯದ ಗೆರೆ, ಲೇಸಿಕ್ ಮಾಡಿದ ಗುರುತು, ಎಂಡೋಥೀಲಿಯಂ ಕೂತಿರುವ ಡೆಸಿಮೆಟ್ ಪೊರೆಯ ನೆರಿಗೆ, ಕಾರ್ನಿಯಾದ ನಡುವಿನ ದಪ್ಪ ಪದರ ಸ್ಟ್ರೋಮಾದ ಊತ ಎಲ್ಲ ಅಲ್ಲೇ ಕಾಣಬೇಕು. ನನ್ನ ಮಟ್ಟಿಗೆ ಸ್ಲಿಟ್ ಲ್ಯಾಂಪ್ ಟಿಪ್ಪಣಿಯಿಲ್ಲದೆ ಬರೀ ಕೋಶಗಣತಿ ಬರೆದು ಕಳಿಸಿದ ಕಾಗದ ಅರ್ಧ ಕಾಗದ.

ಗಣತಿ ಕಡಿಮೆ ಬಂದ ಕಾರ್ನಿಯಾ ವ್ಯರ್ಥವಲ್ಲ. ಸ್ಟ್ರೋಮಾ ತಿಳಿಯಾಗಿದ್ದರೆ, ರೋಗಿಯ ಸ್ವಂತ ಎಂಡೋಥೀಲಿಯಂ ಉಳಿಸಿಕೊಂಡು ಮೇಲಿನ ಭಾಗ ಮಾತ್ರ ಬದಲಿಸುವ ಡಾಲ್ಕ್ ಶಸ್ತ್ರಚಿಕಿತ್ಸೆಗೆ ಆಗುತ್ತದೆ. ತೂತುಬಿದ್ದ ಕಣ್ಣಿಗೆ ತೇಪೆ ಹಾಕಲೂ ಆಗುತ್ತದೆ. ಅಂಥದ್ದನ್ನು ಗ್ಲಿಸರಿನ್‌ನಲ್ಲಿ ಬಹುಕಾಲ ಕಾದಿಡಬಹುದು.

ಒಂದು ಕಾರ್ನಿಯಾವನ್ನು ಪದರವಾಗಿ ಸೀಳಿ ಇಬ್ಬರಿಗೆ ಕೊಡುವುದೂ ಸಾಧ್ಯ. 2021ರ ಅಕ್ಟೋಬರಿನಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ಎರಡು ಕಾರ್ನಿಯಾಗಳಿಂದ ನಾಲ್ವರಿಗೆ ದೃಷ್ಟಿ ಬಂದದ್ದು ಹೀಗೆ: ಮುಂಭಾಗ ಮೇಲ್ಪದರದ ರೋಗ ಇದ್ದವರಿಗೆ, ಹಿಂಭಾಗ ಎಂಡೋಥೀಲಿಯಂ ಸೋತವರಿಗೆ. ಆ ಸುದ್ದಿ ಓದಿದವರು "ಎಲ್ಲರ ಕಣ್ಣನ್ನೂ ಹೀಗೆ ಯಾಕೆ ಹಂಚಬಾರದು?" ಎಂದು ಈಗಲೂ ಕೇಳುತ್ತಾರೆ. ಎಲ್ಲವೂ ಆಗುವುದಿಲ್ಲ. ಮುಂಭಾಗದಲ್ಲಿ ಒಂದು ಕಲೆಯೂ ಇರಬಾರದು, ಹಿಂಭಾಗದಲ್ಲಿ ಕೋಶಗಳು ತುಂಬಿರಬೇಕು, ಹೊಂದುವ ಇಬ್ಬರು ರೋಗಿಗಳು ಅದೇ ಹೊತ್ತಿಗೆ ಸಿದ್ಧರಿರಬೇಕು.

ಹಿಂಭಾಗವನ್ನು ಸೀಳುವ ಕೆಲಸ ಐ ಬ್ಯಾಂಕಿನಲ್ಲೇ ಮುಗಿದರೆ ಸರ್ಜನ್ನಿಗೆ ದೊಡ್ಡ ಸಮಾಧಾನ, ಸೀಳುವಾಗ ಹಾಳಾದರೆ ರೋಗಿ ಇನ್ನೂ ಟೇಬಲ್ ಮೇಲಿರುವುದಿಲ್ಲ. ಹಿಂಭಾಗದ ತೆಳು ಪದರವನ್ನಷ್ಟೇ ಕಸಿ ಮಾಡುವ ಡಿಸೇಕ್‌ಗೆ ಕಾರ್ನಿಯಾವನ್ನು ಕೃತಕ ಚೇಂಬರಿಗೆ ಕೂರಿಸಿ, ಉಂಗುರ ಬಿಗಿದು, ಕೆಳಗಿನಿಂದ ದ್ರವದ ಒತ್ತಡ ಕೊಟ್ಟು, ಬೆರಳಿಟ್ಟರೆ ಗಟ್ಟಿ ಅನ್ನಿಸುವಷ್ಟು ಬಿಗಿ ಮಾಡುತ್ತಾರೆ. ಹೊರಪದರ ಎಪಿಥೀಲಿಯಂ ಒರೆಸಿ ತೆಗೆದು, ನಡುವಿನ ದಪ್ಪ ಅಳೆದು, ಅದಕ್ಕೆ ತಕ್ಕಂತೆ 300 ಅಥವಾ 350 ಮೈಕ್ರಾನಿನ ಮೈಕ್ರೋಕೆರಾಟೋಮ್ (ಕಾರ್ನಿಯಾ ಸೀಳುವ ಯಂತ್ರ) ಹೆಡ್ ಆರಿಸುತ್ತಾರೆ. ಉಳಿಯಬೇಕಾದದ್ದು 100ರಿಂದ 150 ಮೈಕ್ರಾನ್. ನಿಧಾನಕ್ಕೆ ಓಡಿಸಿದಷ್ಟೂ ಬ್ಲೇಡ್ ಆಳಕ್ಕೆ ಇಳಿಯುತ್ತದೆ, ಹಾಗಾಗಿ ನಡುವೆ ತಡವರಿಸಿದ ಕೈ ಅಲ್ಲೇ ಗುಳಿ ಬೀಳಿಸುತ್ತದೆ. ಒತ್ತಡ ಇಳಿದಿದ್ದರೆ ಸೀಳು ಏರುಪೇರಾಗುತ್ತದೆ, ಕೆಲವೊಮ್ಮೆ ತೂತೇ ಬೀಳುತ್ತದೆ. ಸೀಳಿದ ಮೇಲೆ ಟೋಪಿಯಂಥ ಮೇಲ್ಭಾಗವನ್ನು ಮತ್ತೆ ಮುಚ್ಚಿ ಅಂಚಿಗೆ ಜೆನ್ಶಿಯನ್ ವಯಲೆಟ್‌ನಿಂದ ಗುರುತು ಹಾಕುತ್ತಾರೆ. ಇಲ್ಲಿಗೆ ಮುಗಿಯಿತು ಎಂದು ಉಂಗುರವನ್ನು ಗಬಕ್ಕನೆ ಬಿಚ್ಚಿದರೆ ಕಾರ್ನಿಯಾ ಕೆಳಗಿನ ಪೀಠದ ಮೇಲೆ ಕುಸಿದು, ಅಷ್ಟು ಹೊತ್ತು ಕಾಪಾಡಿದ ಎಂಡೋಥೀಲಿಯಂ ಅಲ್ಲಿ ಉಜ್ಜಿಹೋಗುತ್ತದೆ. ಕೆಳಗಿನಿಂದ ದ್ರವ ತುಂಬಿಸುತ್ತಲೇ ಬಿಚ್ಚಬೇಕು. ಬಿಚ್ಚಿದ ಮೇಲೆ ಕೋಶಗಣತಿ ಮತ್ತೊಮ್ಮೆ.

ಡಿಮೆಕ್ ಇದಕ್ಕಿಂತಲೂ ನಾಜೂಕು. ಡಚ್ ಸರ್ಜನ್ ಮೆಲ್ಲೆಸ್ 2006ರಲ್ಲಿ ಮುಂದಿಟ್ಟ ಈ ವಿಧಾನದಲ್ಲಿ ಕಸಿಯಾಗುವುದು ಡೆಸಿಮೆಟ್ ಪೊರೆ ಮತ್ತು ಎಂಡೋಥೀಲಿಯಂ ಮಾತ್ರ, ಒಟ್ಟು 15 ಮೈಕ್ರಾನ್ ಆಸುಪಾಸು. ಈರುಳ್ಳಿಯ ಪದರಗಳ ನಡುವೆ ಸಿಗುವ ತೆಳು ಪೊರೆಯನ್ನು ಹರಿಯದೆ ಬಿಡಿಸಿದವರಿಗೆ ಇದರ ಅಂದಾಜು ಸಿಗಬಹುದು. ಅಂಚಿನ ಸುತ್ತ ಮೆಲ್ಲಗೆ ಗೀರಿ, 0.06 ಶೇಕಡಾ ಟ್ರೈಪಾನ್ ಬ್ಲೂ ಹಾಕಿ ಅರ್ಧದಿಂದ ಒಂದು ನಿಮಿಷ ಬಿಟ್ಟು ತೊಳೆದರೆ, ಗೀರಿದ ಗೆರೆ ನೀಲಿ ಎಳೆಯಾಗಿ ಎದ್ದು ಕಾಣುತ್ತದೆ. ನೀಲಿ ಇನ್ನೊಂದನ್ನೂ ಹೇಳುತ್ತದೆ: ಕೋಶ ಉದುರಿ ಪೊರೆ ಬರಿದಾದ ಕಡೆ ಬಣ್ಣ ಗಾಢವಾಗಿ ಹಿಡಿಯುತ್ತದೆ. ಹಿಂದಿನ ಹಂತಗಳಲ್ಲಿ ಯಾರ ಕೈ ಎಲ್ಲಿ ತಪ್ಪಿತು ಎಂಬುದು ಇಲ್ಲಿ ಬಯಲು.

ಬಿಡಿಸುವಾಗ ಕಾರ್ನಿಯಾ ಪೂರ್ತಿ ದ್ರವದಲ್ಲಿ ಮುಳುಗಿರಬೇಕು. ಗಾಳಿಗೆ ಬಂದರೆ ಪೊರೆ ತನಗೆ ತಾನೇ ಅಂಟಿಕೊಳ್ಳುತ್ತದೆ. ಅಂಚನ್ನು ಹುಕ್ಕಿನಿಂದ ಸುತ್ತ ಎಬ್ಬಿಸಿ, ಹಲ್ಲಿಲ್ಲದ ಫೋರ್ಸೆಪ್ಸಿನಿಂದ ಒಂದು ಬದಿ ಹಿಡಿದು, ಎದುರು ಬದಿಯ ಕಡೆಗೆ ಒಂದೇ ಹದದಲ್ಲಿ ಎಳೆಯುತ್ತಾರೆ. ಅಂಚಿನಲ್ಲಿ ಹರಿಯುವ ಸುಳಿವು ಕಂಡರೆ ಅಲ್ಲಿಗೇ ಬಿಟ್ಟು ಇನ್ನೊಂದು ದಿಕ್ಕಿನಿಂದ ಬರಬೇಕು. ಹಟ ಹಿಡಿದು ಎಳೆದರೆ ಹರಕು ನಡುವಿಗೇ ಓಡುತ್ತದೆ. ಬಿಡಿಸಿದ ಪೊರೆ ಎಂಡೋಥೀಲಿಯಂ ಹೊರಮುಖವಾಗಿ ಚಾಪೆಯಂತೆ ಸುರುಳಿ ಸುತ್ತುತ್ತದೆ. ಎಳೆ ವಯಸ್ಸಿನ ದಾನಿಯದ್ದು ಬಿಡಿಸಲಾಗದಷ್ಟು ಬಿಗಿ ಸುರುಳಿ, ಅದಕ್ಕೇ ಡಿಮೆಕ್‌ಗೆ 50 ದಾಟಿದ ದಾನಿಯನ್ನೇ ಹುಡುಕುವುದು. "ಇಷ್ಟು ವಯಸ್ಸಾದವರ ಕಣ್ಣು ಯಾರಿಗೆ ಬೇಕು?" ಎನ್ನುವವರಿಗೆ ಇದನ್ನು ಹೇಳಬೇಕು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದ ದಾನಿಯ ಪೊರೆ ಸ್ಟ್ರೋಮಾಗೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ, ಹರಿಯುವ ಅಪಾಯ ಹೆಚ್ಚು. ಕಣ್ಣೊಳಗೆ ತಲೆಕೆಳಗಾಗಿ ಅಂಟಿದರೆ ಕಸಿ ಕೆಲಸ ಮಾಡದು, ಹಾಗಾಗಿ ಸ್ಟ್ರೋಮಾ ಬದಿಗೆ ಇಂಗ್ಲಿಷಿನ ಎಸ್ ಅಕ್ಷರದ ನೇರಳೆ ಮುದ್ರೆ ಒತ್ತುತ್ತಾರೆ. ಅಕ್ಷರ ಸರಿಯಾಗಿ ಓದಲು ಬಂದರೆ ಪೊರೆ ಸರಿಯಾಗಿ ಬಿಡಿಸಿಕೊಂಡಿದೆ.

ಥಿಯೇಟರಿನಲ್ಲಿ ಪೂರ್ಣದಪ್ಪದ ಕಸಿಗೆ ಪಾಲಿಸಬೇಕಾದ ಕ್ರಮ ಒಂದಿದೆ. ಮೊದಲು ದಾನಿಯ ಕಾರ್ನಿಯಾ ಕತ್ತರಿಸಿ, ಅದು ಸರಿಯಾಗಿ ಬಂದಿದೆ ಎಂದು ಖಚಿತವಾದ ಮೇಲೆ ರೋಗಿಯ ಕಣ್ಣು ತೆರೆಯಬೇಕು. ಲೇಬಲ್ಲಿನಲ್ಲಿ ದಾನಿಯ ಸಂಖ್ಯೆ, ಎಡವೋ ಬಲವೋ, ರಕ್ತಪರೀಕ್ಷೆಯ ಫಲಿತಾಂಶ, ಕೊನೆಯ ದಿನಾಂಕ ಇಬ್ಬರು ಗಟ್ಟಿಯಾಗಿ ಓದಿ ತಾಳೆ ನೋಡಬೇಕು. ಚೇಂಬರಿನ ಹೊರಮೈ ಸ್ಟೆರೈಲ್ ಅಲ್ಲ. ಹೊರಗಿನ ಸಿಸ್ಟರ್ ಮುಚ್ಚಳ ತೆರೆದು ಹಿಡಿಯುತ್ತಾರೆ, ಸರ್ಜನ್ ಬಿಳಿ ಅಂಚನ್ನಷ್ಟೇ ಹಿಡಿದು ಎತ್ತುತ್ತಾರೆ. ಮೀಡಿಯಂ ಸಮೇತ ಬಟ್ಟಲಿಗೆ ಸುರಿಯುವುದನ್ನು ಯಾರೂ ಮಾಡಬಾರದು, ಕಾರ್ನಿಯಾ ಮಗುಚಿ ಬಿದ್ದರೆ ಎಂಡೋಥೀಲಿಯಂ ಉಕ್ಕಿಗೆ ಉಜ್ಜುತ್ತದೆ.

ದುಂಡು ಬ್ಲೇಡಿನ ಪಂಚ್ ಕತ್ತರಿಸುವುದು ಎಂಡೋಥೀಲಿಯಂ ಕಡೆಯಿಂದ. ಕಾರ್ನಿಯಾವನ್ನು ಬ್ಲಾಕಿನ ಕುಳಿಯಲ್ಲಿ ನಟ್ಟನಡುವೆ ಕೂರಿಸಿ, ನೆಟ್ಟಗೆ ಒಂದೇ ಸಲ ಒತ್ತಬೇಕು. ರೋಗಿಯ ಕಣ್ಣಿನಲ್ಲಿ 7.5 ಮಿಲಿಮೀಟರ್ ತೆಗೆಯುವುದಾದರೆ ದಾನಿಯದ್ದು 7.75 ಅಥವಾ 8. ಎಂಡೋಥೀಲಿಯಂ ಕಡೆಯಿಂದ ಕತ್ತರಿಸಿದ್ದು ಚೂರು ಕಿರಿದಾಗಿ ಬರುತ್ತದೆ, ಅದನ್ನು ಸರಿದೂಗಿಸಲು ಈ ಹೆಚ್ಚುವರಿ. ಎಲ್ಲಾದರೂ ಎಳೆ ತುಂಡಾಗದೆ ಉಳಿದರೆ ತಿರುಚಬಾರದು, ಇನ್ನೊಮ್ಮೆ ಒತ್ತಬೇಕು. ಕತ್ತರಿಸಿದ ಬಿಲ್ಲೆಯ ಮೇಲೆ ಎರಡು ಹನಿ ಮೀಡಿಯಂ ಹಾಕಿ, ಮೇಲೊಂದು ಬಟ್ಟಲು ಕವುಚಿ ಪಕ್ಕಕ್ಕಿಡುತ್ತಾರೆ. ಮುಚ್ಚದೆ ಬಿಟ್ಟ ಬಿಲ್ಲೆ ಗಾಜ್ ತುಂಡಿಗೆ ಅಂಟಿ ಕಸದ ಬುಟ್ಟಿಗೆ ಹೋಗುವ ಅಪಾಯ ನಿಜವಾದದ್ದೇ.

ಪಂಚಿನ ಸುತ್ತ ಉಳಿದ ಬಿಳಿ ಅಂಚನ್ನೂ ಎಸೆಯುವಂತಿಲ್ಲ. ಅದನ್ನೂ ಸ್ವಲ್ಪ ಮೀಡಿಯಮ್ಮನ್ನೂ ಬ್ಯಾಕ್ಟೀರಿಯಾ, ಫಂಗಸ್ ಎರಡರ ಕಲ್ಚರಿಗೂ ಕಳಿಸಬೇಕು. ಆಪ್ಟಿಸಾಲ್, ಎಂಕೆ ಎರಡರಲ್ಲೂ ಫಂಗಸ್ ಕೊಲ್ಲುವ ಔಷಧ ಇಲ್ಲ, ಕ್ಯಾಂಡಿಡಾ ಅದರಲ್ಲಿ ಆರಾಮವಾಗಿ ಬದುಕುತ್ತದೆ. ಪದರದ ಕಸಿಯಲ್ಲಿ ಎರಡು ಪದರಗಳ ನಡುವೆ ಅದು ಸಿಕ್ಕಿಕೊಂಡರೆ ಮೇಲೆ ಹಾಕುವ ಹನಿ ಔಷಧ ಅಲ್ಲಿಗೆ ತಲುಪುವುದೂ ಕಷ್ಟ. ಅಂಚಿನಲ್ಲಿ ಏನಾದರೂ ಬೆಳೆದರೆ ಲ್ಯಾಬಿನವರು ಸರ್ಜನ್ನಿಗೂ, ಸರ್ಜನ್ ಐ ಬ್ಯಾಂಕಿಗೂ ಅವತ್ತೇ ತಿಳಿಸಬೇಕು, ಏಕೆಂದರೆ ಅದೇ ದಾನಿಯ ಇನ್ನೊಂದು ಕಾರ್ನಿಯಾ ಬೇರೆ ಊರಿನ ಬೇರೊಬ್ಬರ ಕಣ್ಣಿನಲ್ಲಿ ಆಗಲೇ ಕೂತಿರಬಹುದು.